ಕಪ್ಪು ಕುಪ್ಯ ಫೋನಿನ ಪರದೆಯಲ್ಲಿ ಕರಗಿಹೋಗುತ್ತಿದೆ, ಬಣ್ಣ ಬದಲಿಸಬೇಕೇ?

ಪ್ರಶ್ನೆ: ಕೊಡಗಿನ ಪೊನ್ನಂಪೇಟೆ ಕಡೆಯ ಮೂವರು ಗೆಳೆಯರು ಸೇರಿ ಆಂಡ್ರಾಯ್ಡ್ ಫೋನಿಗಾಗಿ ಒಂದು ಗೇಮ್ ಮಾಡುತ್ತಿದ್ದೇವೆ. ಗೊಡೊ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ), 2ಡಿ, ಪಕ್ಕದಿಂದ ನೋಡುವ ಆಟ. ಕಕ್ಕಡ ತಿಂಗಳ ಮಳೆಯಲ್ಲಿ ಕಾಡಿಗೆ ತಪ್ಪಿಸಿಕೊಂಡ ಎತ್ತನ್ನು ಹುಡುಕಿಕೊಂಡು ಹೊರಟ ಹುಡುಗ ಸುಗ್ಗಿಯ ಹಬ್ಬವಾದ ಪುತ್ತರಿ ಹೊತ್ತಿಗೆ ಮನೆತನದ ಹಿರಿಯ ಮನೆಯಾದ ಐನ್‌ಮನೆಗೆ ಮರಳುವುದು ಕಥೆ. ಕೆಲವು ಹಂತಗಳಲ್ಲಿ ಅವನ ಅಕ್ಕನಾಗಿ ಆಡಬೇಕು. ಹುಡುಗನಿಗೆ ಕುಪ್ಯ (ಮೊಣಕಾಲುದ್ದದ ಮೇಲಂಗಿ), ಚೇಲೆ (ಸೊಂಟಕ್ಕೆ ಬಿಗಿಯುವ ಕೆಂಪು ರೇಷ್ಮೆ ಪಟ್ಟಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ), ಮಂಡೆತುಣಿ (ತಲೆಯ ಪೇಟ) ಹಾಕಿ ಬರೆದಿದ್ದೇನೆ. ಕಾಗದದ ಮೇಲೆ ಚೆನ್ನಾಗಿದೆ. ಫೋನಿನಲ್ಲಿ ಕಾಡಿನ ಮುಂದೆ ನಿಲ್ಲಿಸಿದರೆ ಕಪ್ಪು ಕುಪ್ಯ ಮಾಯವಾಗಿ, ಒಂದು ಕೆಂಪು ಗೆರೆ ಓಡಾಡಿದ ಹಾಗೆ ಕಾಣುತ್ತದೆ. ಒಬ್ಬ ಗೆಳೆಯ ಕುಪ್ಯವನ್ನು ನೀಲಿ ಮಾಡು ಎನ್ನುತ್ತಾನೆ, ಇನ್ನೊಬ್ಬ ಬಿಳಿ ಮಾಡು ಎನ್ನುತ್ತಾನೆ. ಬಿಳಿ ಮದುಮಗನದು ಎಂದು ಅಜ್ಜ ಒಪ್ಪುವುದಿಲ್ಲ. 2ಡಿ ಬಿಟ್ಟು ನಿಜದ ಹಾಗೆ ಕಾಣುವ 3ಡಿ ಮಾಡಿದರೆ ಈ ತೊಂದರೆ ಇರುವುದಿಲ್ಲವೇ? ತಲೆ ದೊಡ್ಡದು ಮಾಡಿದರೆ ಮಕ್ಕಳ ಆಟದಂತೆ ಆಗಿಬಿಡುತ್ತದೆಯೇ? ನನಗೆ ಚಿತ್ರಕಲೆಯ ತರಬೇತಿ ಇಲ್ಲ, ಎಐನಿಂದ ಪಾತ್ರ ಬರೆಸಬಹುದೇ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ನಾಲ್ಕೈದು, ಆತಂಕ ಒಂದೇ. ಹುಡುಗ ಕೊಡಗಿನವನು ಎಂದು ನೋಡಿದ ಕೂಡಲೇ ತಿಳಿಯಬೇಕು, ಆದರೆ ಹಾಗೆ ತಿಳಿಸಿಕೊಡುವ ಬಟ್ಟೆಯೇ ಪರದೆಯ ಮೇಲೆ ಕಾಣುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಕುಪ್ಯವನ್ನು ನೀಲಿಯೂ ಮಾಡಬೇಡಿ, ಬಿಳಿಯೂ ಮಾಡಬೇಡಿ. ತೊಡಕು ಇರುವುದು ಅದರ ಹಿಂದೆ ನೀವು ಬರೆದ ಕಾಡಿನಲ್ಲಿ. ಪಾತ್ರವನ್ನು ಬಿಳಿ ಹಾಳೆಯ ಮೇಲೆ ಬರೆದು ಮುಗಿಸಿ, ಆಮೇಲೆ ಕಾಡಿಗೆ ಇಳಿಸಿದ್ದರಿಂದ ಹೀಗಾಗಿದೆ. ಬಿಳಿ ಹಾಳೆಯ ಮುಂದೆ ಯಾವ ಕಪ್ಪು ಬಟ್ಟೆಯಾದರೂ ಎದ್ದು ಕಾಣುತ್ತದೆ.

ಮೊದಲು ಅಳತೆ ನೋಡೋಣ. 6.5 ಇಂಚಿನ, 2400×1080 ಪಿಕ್ಸೆಲ್‌ನ ಫೋನನ್ನು ಅಡ್ಡ ಹಿಡಿದರೆ ಪರದೆಯ ಎತ್ತರ ಸುಮಾರು 68 ಮಿ.ಮೀ. ಪಕ್ಕದ ನೋಟದ ಆಟದಲ್ಲಿ ಪಾತ್ರ ಪರದೆಯ ಎತ್ತರದ ಎಂಟನೇ ಒಂದು ಭಾಗ ಇದ್ದರೆ ಓಡಲು, ನೆಗೆಯಲು ಜಾಗ ಸಿಗುತ್ತದೆ. ಆಗ ನಿಮ್ಮ ಹುಡುಗ 135 ಪಿಕ್ಸೆಲ್, ಅಂದರೆ ಎಂಟೂವರೆ ಮಿ.ಮೀ. ಎತ್ತರದವನು. ಪೀಚೆಕತ್ತಿ ಒಂದು ಗೇಣು ಉದ್ದ ಎಂದಿಟ್ಟುಕೊಂಡರೆ ಪರದೆಯಲ್ಲಿ ಅದಕ್ಕೆ ಸಿಗುವುದು 18 ಪಿಕ್ಸೆಲ್, ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರ ಬೆಳ್ಳಿ ಕೆತ್ತನೆ, ಸರಪಳಿ, ಚೇಲೆಯ ಜರಿ ಕುಸುರಿ ಇವೆಲ್ಲ ಈ ಗಾತ್ರದಲ್ಲಿ ಗಲೀಜು ಚುಕ್ಕೆಗಳಾಗುತ್ತವೆ. ಆ ಚುಕ್ಕೆಗಳು ಪಾತ್ರ ಓಡುವಾಗ ಮಿನುಗಿ ಕಣ್ಣಿಗೆ ಕಿರಿಕಿರಿ ಮಾಡುತ್ತವೆ. ಕುಸುರಿಯನ್ನು ಸಂಭಾಷಣೆಯ ಸಮಯದಲ್ಲಿ ಬರುವ ದೊಡ್ಡ ಮುಖಚಿತ್ರಕ್ಕೂ ಆಟದ ಐಕಾನಿಗೂ ಇಟ್ಟುಕೊಳ್ಳಿ. ಓಡುವ ಹುಡುಗನಿಗೆ ಬೇಕಾದದ್ದು ನಾಲ್ಕೈದು ದೊಡ್ಡ ಬಣ್ಣದ ತುಂಡುಗಳು, ಅಷ್ಟೇ.

ಇದು ಈ ಕಸುಬಿನ ಬಹಳ ಹಳೆಯ ಪಾಠ. 1981ರ ಡಾಂಕಿ ಕಾಂಗ್ ಆಟದಲ್ಲಿ ಮುಂದೆ ಮಾರಿಯೋ ಎಂದು ಹೆಸರಾದ ಪಾತ್ರಕ್ಕೆ ಸಿಕ್ಕದ್ದು ಬೆರಳೆಣಿಕೆಯ ಪಿಕ್ಸೆಲ್‌ಗಳು. ಕೂದಲು ಬರೆಯಲು ಆಗದ್ದಕ್ಕೆ ಟೋಪಿ ಬಂತು, ಮೂಗು ಮುಖದಿಂದ ಬೇರೆಯಾಗಿ ಕಾಣಲೆಂದು ಮೀಸೆ ಬಂತು, ಕೈಯಾಡುವುದು ತಿಳಿಯಲೆಂದು ಮೇಲಂಗಿಗೆ ಬೇರೆ ಬಣ್ಣದ ಓವರಾಲ್ ಬಂತು. ಜಪಾನಿನ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಮಾಡಿದ ಆ ರೂಪ ಇಂದಿಗೂ ನಿಂತಿರುವುದು, ಅದರ ಪ್ರತಿ ಭಾಗಕ್ಕೂ ಕಾಣಿಸುವ ಕೆಲಸ ಇದ್ದದ್ದರಿಂದ.

ಈಗ ಕುಪ್ಯಕ್ಕೆ ಬರೋಣ. ನಮ್ಮ ಕಣ್ಣು ಆಕೃತಿಯನ್ನು ಹಿಡಿಯುವುದು ಮೊದಲು ತಿಳಿ-ಗಾಢದ ವ್ಯತ್ಯಾಸದಿಂದ, ಬಣ್ಣ ಅದರ ನಂತರ. ಪರದೆಯ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ 0ಯಿಂದ 255ರೊಳಗಿನ ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಒಂದು ಬಣ್ಣ ಎಷ್ಟು ತಿಳಿ ಎಂದು ಅಳೆಯಲು ಸರಳ ಲೆಕ್ಕ ಇದೆ: ಕೆಂಪಿನ ಅಂಕಿಯ 0.299, ಹಸಿರಿನ 0.587, ನೀಲಿಯ 0.114 ಭಾಗಗಳನ್ನು ಕೂಡಿಸಿದರೆ 0ಯಿಂದ 255ರೊಳಗೆ ಒಂದು ಸಂಖ್ಯೆ ಬರುತ್ತದೆ. ಅದೇ ಆ ಬಣ್ಣದ ಟೋನ್. ಕಪ್ಪು ಕುಪ್ಯಕ್ಕೆ 34, 36, 46 ಬಣ್ಣ ಕೊಟ್ಟಿದ್ದೀರಿ ಎಂದುಕೊಳ್ಳಿ, ಟೋನ್ ಸುಮಾರು 37. ಅದರ ಹಿಂದಿನ ದಟ್ಟ ಕಾಡು 28, 48, 36 ಆದರೆ ಟೋನ್ 41. ಅಂತರ ಬರೀ ನಾಲ್ಕು. ಹುಡುಗ ಮಾಯವಾಗದೆ ಇನ್ನೇನಾಗುತ್ತಾನೆ? ಗೆಳೆಯ ಹೇಳಿದಂತೆ 40, 60, 130ರ ನೀಲಿ ಹಾಕಿ ನೋಡಿ. ಟೋನ್ 62, ಅಂತರ 21. ಗುರುತು ಕಳೆದುಕೊಂಡು ಗಳಿಸಿದ್ದು ಇಷ್ಟೇ, ಅದೂ ಬಿಸಿಲಿನಲ್ಲಿ ಹಿಡಿದ ಫೋನಿನಲ್ಲಿ ಅಳಿಸಿಹೋಗುತ್ತದೆ.

ಕೆಂಪು ಚೇಲೆಯದೂ ಇದೇ ಕಥೆ. ಕೆಂಪು ಬಹಳ ಎದ್ದು ಕಾಣುವ ಬಣ್ಣ ಎಂಬುದು ಅರ್ಧ ನಿಜ. 200, 20, 30ರ ಕೆಂಪಿನ ಟೋನ್ ಸುಮಾರು 75. ಮಳೆಗಾಲದ ಎಲೆಯ ಸಾಮಾನ್ಯ ಹಸಿರು, 40, 90, 40, ಅದರ ಟೋನ್ 69. ಬಣ್ಣ ತೆಗೆದು ನೋಡಿದರೆ ಚೇಲೆಯೂ ಎಲೆಯೂ ಒಂದೇ ಬೂದು. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿನವರಿಗೆ, ಗಂಡಸರಲ್ಲಿ ಇದು ಹೆಂಗಸರಿಗಿಂತ ಹೆಚ್ಚು, ನಿಮ್ಮ ಕೆಂಪು ಗೆರೆಯೂ ಕಾಣಿಸದು. ಚೇಲೆಯನ್ನು ಉಳಿಸುವುದು ಅದರ ಚಿನ್ನದ ಬಣ್ಣದ ಅಂಚು ಮತ್ತು ಕುಚ್ಚು. 232, 190, 90ರ ಹಳದಿಯ ಟೋನ್ 190 ದಾಟುತ್ತದೆ. ಅಂಚನ್ನು ಎರಡು ಪಿಕ್ಸೆಲ್ ದಪ್ಪ ಮಾಡಿ, ಕುಚ್ಚನ್ನು ನಿಜಕ್ಕಿಂತ ಒಂದೂವರೆ ಪಟ್ಟು ಉದ್ದ ಮಾಡಿ.

ಹಾಗಾದರೆ ಕಾಡನ್ನು ಏನು ಮಾಡುವುದು? ಉತ್ತರ ನಿಮ್ಮ ಅಂಗಳದಲ್ಲೇ ಇದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೊಡಗಿನ ಕಾಡು ಕಪ್ಪಾಗಿ ಕಾಣುವುದಕ್ಕಿಂತ ಮಂಜಿನಲ್ಲಿ ಬೆಳ್ಳಗೆ ಕಾಣುವುದೇ ಹೆಚ್ಚು. ಹತ್ತು ಮಾರು ಆಚೆಯ ಮರ ಬೂದಿ, ಅದರಾಚೆಯದು ಇನ್ನೂ ತಿಳಿ, ಬೆಟ್ಟ ಆಕಾಶದಲ್ಲಿ ಬೆರೆತಿರುತ್ತದೆ. ಆ ಮಂಜಿಗೆ 165, 180, 175 ಕೊಟ್ಟರೆ ಟೋನ್ 175. ಕಪ್ಪು ಕುಪ್ಯದೊಂದಿಗೆ ಅಂತರ 138. ಬಟ್ಟೆಯ ಒಂದು ದಾರವನ್ನೂ ಮುಟ್ಟದೆ ಹುಡುಗ ಎದ್ದು ನಿಲ್ಲುತ್ತಾನೆ. ನೀವು ಬರೆದಿರುವುದು ಬೇರೆ ಆಟಗಳಲ್ಲಿ ನೋಡಿದ ಕತ್ತಲ ಕಾಡು ಎಂದು ನನ್ನ ಅನುಮಾನ. ಆಗಸ್ಟ್ ಬೆಳಿಗ್ಗೆ ತಡಿಯಂಡಮೋಳ್ ದಾರಿಯಲ್ಲೋ ಬ್ರಹ್ಮಗಿರಿಯ ಬುಡದಲ್ಲೋ ತೆಗೆದ ನಾಲ್ಕು ಫೋಟೊಗಳನ್ನು ಕಪ್ಪು-ಬಿಳುಪು ಮಾಡಿ ನೋಡಿ, ನಿಮ್ಮ ಚಿತ್ರದ ಪಕ್ಕ ಇಡಿ.

ಕೆಲಸದ ಕ್ರಮ ಹೀಗಿರಲಿ. ಹಿನ್ನೆಲೆಯನ್ನು ಮೂರು ಪದರ ಮಾಡಿ. ತೀರಾ ಹಿಂದಿನ ಬೆಟ್ಟದ ಟೋನ್ 180ರಿಂದ 210, ನಡುವಿನ ಮರಗಳದು 130ರಿಂದ 170. ಹುಡುಗ ಓಡಾಡುವ ನೆಲ 70ರಿಂದ 110ರೊಳಗೆ ಇರಲಿ, ಆದರೆ ಅವನ ಸೊಂಟದಿಂದ ಮೇಲೆ ನೆಲದ ಬಣ್ಣ ಬರಬಾರದು. ಅವನ ಮುಂದೆ ಬರುವ ಕಾಫಿ ಎಲೆ, ಜರೀಗಿಡ ಇವು ಕಡುಗಪ್ಪು ಇರಬಹುದು, ಪರದೆಯ ಕೆಳ ಅಂಚಿನ ಹತ್ತನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಕುಪ್ಯದ ಕಪ್ಪನ್ನು ಎಂದೂ 0, 0, 0 ಮಾಡಬೇಡಿ. ಅಗ್ಗದ ಎಲ್‌ಸಿಡಿ ಪರದೆಗಳಲ್ಲಿ ಗಾಢ ಬಣ್ಣಗಳೆಲ್ಲ ಒಂದೇ ಮುದ್ದೆಯಾಗುತ್ತವೆ, ತೋಳು ಎಲ್ಲಿ ಮೈ ಎಲ್ಲಿ ತಿಳಿಯದು. ಮೂರು ಹಂತ ಸಾಕು: ನೆರಳಿಗೆ 22, 23, 32, ಮೈಗೆ 34, 36, 46, ಹೆಗಲು ಮತ್ತು ತೋಳಿನ ಮೇಲಂಚಿಗೆ 70, 76, 92. ಆ ನೀಲಿ ಛಾಯೆ ಮಂಜಿನ ಬೆಳಕಿನಿಂದ ಬಂದದ್ದು. ಬಟ್ಟೆ ಕಪ್ಪೆಂದೇ ಓದಿಸಿಕೊಳ್ಳುತ್ತದೆ, ಅಜ್ಜನಿಗೂ ಅಭ್ಯಂತರ ಇರದು.

ಮಂಜಿಗೆ ಒಂದು ಅಪಾಯ ಇದೆ. ಪರದೆ ತುಂಬುವ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ನಾಲ್ಕೈದು ಹಾಕಿದರೆ ಫೋನು ಅದೇ ಪಿಕ್ಸೆಲ್ ಅನ್ನು ಅಷ್ಟೂ ಸಲ ಬಳಿಯಬೇಕಾಗುತ್ತದೆ. ಕಡಿಮೆ ಬೆಲೆಯ ಫೋನ್ ಬಿಸಿಯಾಗಿ ಆಟ ತಡವರಿಸಲು ಇದೇ ದೊಡ್ಡ ಕಾರಣ. ಮಂಜನ್ನು ಹಿನ್ನೆಲೆಯ ಚಿತ್ರದೊಳಗೇ ಬಳಿದುಬಿಡಿ, ಚಲಿಸುವ ಮಂಜಿನ ಪಟ್ಟಿ ಒಂದೇ ಒಂದು ಇರಲಿ. ಇನ್ನೊಂದು ಅಪಾಯ ಬೇಸರ. ಆಟದುದ್ದಕ್ಕೂ ಮಂಜೇ ಇದ್ದರೆ ಕಣ್ಣು ದಣಿಯುತ್ತದೆ, ಅದಕ್ಕೆ ಪರಿಹಾರ ನಿಮ್ಮ ಕಥೆಯ ಋತುಗಳಲ್ಲೇ ಇದೆ. ಮುಂದೆ ಹೇಳುತ್ತೇನೆ.

ಪಾತ್ರದ ಸುತ್ತ ತಿಳಿ ಗೆರೆ ಎಳೆಯುವುದು, ಬೆನ್ನ ಹಿಂದಿನಿಂದ ಬೆಳಕು ಬಿದ್ದಂತೆ ಅಂಚು ಹೊಳೆಸುವುದು ಇವೂ ದಾರಿಗಳೇ. ಗುಹೆ, ರಾತ್ರಿ, ದೇವರಕಾಡಿನ ಒಳಗು, ಇಂಥಲ್ಲಿ ಒಂದು ಪಿಕ್ಸೆಲ್ ಅಂಚಿನ ಬೆಳಕು ಬೇಕಾಗುತ್ತದೆ. ಎಲ್ಲ ಕಡೆ ಸುತ್ತಲೂ ಸಮ ದಪ್ಪದ ಗೆರೆ ಹಾಕಿದರೆ ಹುಡುಗ ಕಾಡಿನಲ್ಲಿ ಇರುವಂತೆ ಕಾಣುವುದಿಲ್ಲ, ಕಾಡಿನ ಮೇಲೆ ಅಂಟಿಸಿದ ಸ್ಟಿಕ್ಕರಿನಂತೆ ಕಾಣುತ್ತಾನೆ. ಬೆಳಕು ಬರುವ ದಿಕ್ಕಿನ ಅಂಚಿಗೆ ಮಾತ್ರ ಹಾಕಿ.

ಉಡುಪಿನೊಳಗೇ ಇರುವ ಸಹಾಯವನ್ನು ನೀವು ಬಳಸಿಕೊಂಡಿಲ್ಲ. ಕುಪ್ಯ ಅರ್ಧ ತೋಳಿನದು, ಒಳಗೆ ತೊಡುವುದು ತುಂಬು ತೋಳಿನ ಬಿಳಿ ಅಂಗಿ. ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿ, ಕತ್ತಿನ ಬಳಿ ಕುಪ್ಯ ತೆರೆದಲ್ಲಿ ಬಿಳಿ. ಇದು ಆನಿಮೇಷನ್ ಮಾಡುವವನಿಗೆ ಸಿಕ್ಕ ವರ. ಓಡುವಾಗ, ಹತ್ತುವಾಗ, ಬೀಸುವಾಗ ಏನು ನಡೆಯುತ್ತಿದೆ ಎಂದು ಹೇಳುವುದು ಮುಂಗೈ. ಅದು ಕಪ್ಪು ಮೈಯ ಮುಂದೆ ಬಿಳಿಯಾಗಿ ಆಡಿದರೆ ಎಂಟೂವರೆ ಮಿ.ಮೀ.ನಲ್ಲೂ ಚಲನೆ ಓದಲು ಸಿಗುತ್ತದೆ. ನೀವು ಬರೆದದ್ದರಲ್ಲಿ ಒಳ ಅಂಗಿಯ ಮಾತೇ ಇಲ್ಲ. ತೋಳೂ ಕಪ್ಪಾಗಿದ್ದರೆ ಅದನ್ನು ಮೊದಲು ಸರಿಪಡಿಸಿ. ಮಂಡೆತುಣಿಗೆ 225, 205, 160ರ ಕೆನೆ-ಚಿನ್ನದ ಬಣ್ಣ ಕೊಡಿ, ಟೋನ್ 205ರ ಹತ್ತಿರ ಬರುತ್ತದೆ. ಪಾತ್ರದ ಅತಿ ತಿಳಿ ಭಾಗ ತಲೆಯ ಮೇಲೆ, ಅತಿ ಗಾಢ ಭಾಗ ತೊಡೆಯ ಕಡೆ ಬಂದರೆ ಆಟಗಾರನ ಕಣ್ಣು ತಾನಾಗಿ ಮುಖ ಮತ್ತು ಕೈಗಳ ಮೇಲೆ ನಿಲ್ಲುತ್ತದೆ. 2007ರ ಟೀಮ್ ಫೋರ್ಟ್ರೆಸ್ 2 ಆಟದ ಪಾತ್ರಗಳಲ್ಲಿ ವಾಲ್ವ್ ಕಂಪನಿಯವರು ಪಾದದಿಂದ ಎದೆಯ ಕಡೆಗೆ ಗಾಢದಿಂದ ತಿಳಿಗೆ ಹೋಗುವಂತೆ ಬಣ್ಣ ಏರಿಸಿದ್ದು ಇದೇ ಕಾರಣಕ್ಕೆ: ಆಯುಧ ಇರುವ ಎದೆಮಟ್ಟಕ್ಕೆ ನೋಟ ಹೋಗಲಿ ಎಂದು.

ಈಗ ನೀವು ಕೇಳದ ಒಂದು ಪ್ರಶ್ನೆ. ಕೊಡಗಿನ ನಾಯಕ ಎಂದರೆ ಸದಾ ಕುಪ್ಯದಲ್ಲೇ ಇರಬೇಕು ಎಂಬ ನಂಬಿಕೆ ಎಲ್ಲಿಂದ ಬಂತು? ಮದುವೆಯ ಫೋಟೊ, ಹಬ್ಬದ ಪೋಸ್ಟರ್‌ಗಳಿಂದ ಬಂದಿರಬೇಕು. ಇಂದು ಕುಪ್ಯ ಮದುವೆ, ಪುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣದಂಥ ದಿನಗಳ ಉಡುಪು. ಕಕ್ಕಡದ ಜಡಿಮಳೆಯಲ್ಲಿ ಎತ್ತು ಹುಡುಕಲು ರೇಷ್ಮೆ ಚೇಲೆ ಬಿಗಿದು ಹೊರಡುವ ಹುಡುಗನನ್ನು ನಿಮ್ಮ ಊರಿನ ಯಾರೂ ನಂಬುವುದಿಲ್ಲ. ಆಟ ರಾಜರ ಕಾಲದ್ದು ಎಂದಾದರೆ ಬೇರೆ ಮಾತು. ಆದ್ದರಿಂದ ಕಾಲವನ್ನು ಇವತ್ತೇ ನಿರ್ಧರಿಸಿ, ಏಕೆಂದರೆ ಅದು ಹಿನ್ನೆಲೆಯನ್ನೂ ಕಟ್ಟಿಹಾಕುತ್ತದೆ. ಕಥೆ 1834ಕ್ಕಿಂತ ಮೊದಲಿನದು, ಅಂದರೆ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಇಳಿಸುವುದಕ್ಕೆ ಮೊದಲಿನದು ಎಂದರೆ, ಸಾಲುಸಾಲು ಕಾಫಿ ತೋಟ ಬರೆಯುವಂತಿಲ್ಲ. ದೊಡ್ಡ ತೋಟಗಳು ಎದ್ದದ್ದು 1850ರ ದಶಕದಿಂದ ಈಚೆಗೆ. ತೋಟದ ನೆರಳಿಗೆ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಆ ಕಾಲಕ್ಕೆ ಬೇಕಾದದ್ದು ಗದ್ದೆ, ಬಾಣೆ (ಗದ್ದೆಗೆ ಸೇರಿದ ಮರ-ಹುಲ್ಲಿನ ಭೂಮಿ), ಕಾಡು, ಏಲಕ್ಕಿ.

ಯಾವ ಕಾಲ ಆರಿಸಿಕೊಂಡರೂ ಉಡುಪನ್ನು ಋತುವಿನೊಂದಿಗೆ ಬದಲಿಸಿ ಎಂಬುದು ನನ್ನ ಸಲಹೆ. ಆಟದ ಮೊದಲ ಭಾಗದಲ್ಲಿ ಹುಡುಗನಿಗೆ ಗೊರಬು ಕೊಡಿ. ಬಿದಿರ ಹೆಣಿಗೆಗೆ ಎಲೆ ಹೊದಿಸಿ, ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುವ ಆ ಮಳೆಗುರಾಣಿಗಿಂತ ಒಳ್ಳೆಯ ಸಿಲೂಯೆಟ್ (ಹೊರ ಆಕಾರದ ನೆರಳು) ಒಬ್ಬ ಡಿಸೈನರಿಗೆ ಸಿಗುವುದು ಅಪರೂಪ. ಪಕ್ಕದಿಂದ ನೋಡಿದರೆ ಒಂದೇ ಬಾಗಿದ ರೇಖೆ. ಬಗ್ಗಿದಾಗ, ಓಡುವಾಗ, ಗಾಳಿಗೆ ಎದುರು ನಡೆಯುವಾಗ ಆ ರೇಖೆ ಬದಲಾಗುವುದರಿಂದಲೇ ಚಲನೆ ತಿಳಿಯುತ್ತದೆ. ಒಣಗಿದ ಎಲೆಯ ಬಣ್ಣ, 170, 140, 90 ಆಸುಪಾಸು, ಮಂಜಿಗಿಂತ ಸ್ವಲ್ಪ ಗಾಢ, ಕಾಡಿಗಿಂತ ಬಹಳ ತಿಳಿ. ಎರಡು ಹಿನ್ನೆಲೆಯಲ್ಲೂ ಕಾಣುತ್ತದೆ. ಮೈ ಮುಚ್ಚುವುದರಿಂದ ಬೆನ್ನು, ಹೆಗಲಿನ ವಿವರ ಬರೆಯುವ ಕೆಲಸವೂ ತಪ್ಪುತ್ತದೆ.

ಆಯುಧವನ್ನು ಈ ಭಾಗದಲ್ಲಿ ಕೊಡಲೇಬೇಡಿ. ಗದ್ದೆ ಕೆಲಸದ ದಿನಗಳಲ್ಲಿ ಮನೆಯ ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿ ಇಟ್ಟ ಕತ್ತಿ, ಕೋವಿಗಳನ್ನು ಸೆಪ್ಟೆಂಬರ್ ಮೊದಲ ವಾರ ಬರುವ ಕೈಲ್‌ಪೊಳ್ದ್ ದಿನ ಹೊರತೆಗೆದು, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬರಿಗೈಯಲ್ಲಿ ಕಾಡು ಸುತ್ತಿದ ಹುಡುಗನ ಕೈಗೆ ಆಟದ ನಡುವೆ ಒಡಿಕತ್ತಿ (ಕಡಿಯುವ ಅಗಲ ಕತ್ತಿ) ಬರುವುದಕ್ಕೆ ಇದಕ್ಕಿಂತ ಸಹಜವಾದ ಕಾರಣ ಯಾವ ಕಥೆಗಾರನೂ ಹೊಸೆಯಲಾರ. ಕೆಂಪು-ಹಳದಿಯ ತೋಕ್‌ಪೂವನ್ನು ಆ ಹಂತದಿಂದ ಮುಂದೆ ಹೊಸ ಶಕ್ತಿಯ ಗುರುತಾಗಿ ಪರದೆಯಲ್ಲಿ ಬಳಸಬಹುದು.

ಪೀಚೆಕತ್ತಿಯಿಂದ ಇರಿಯುವ ಚಲನೆ ಬರೆಯಬೇಡಿ. ಅದು ಇಂದು ಅಲಂಕಾರದ, ಮರ್ಯಾದೆಯ ಕತ್ತಿ. ಕಡಿಯುವ ಕೆಲಸ ಒಡಿಕತ್ತಿಯದು: ಅಗಲ ಅಲಗು, ಮುಂದಕ್ಕೆ ಬಾಗಿದ ತೂಕ, ಬೆನ್ನ ಹಿಂದೆ ಕತ್ತಿ ಹಿಡಿದಿಡುವ ಕೊಂಡಿಯಾದ ತೊಡಂಗ್‌ಗೆ ಸಿಕ್ಕಿಸಿದ ಜಾಗ. ಮದುವೆಯಲ್ಲಿ ಬಾಳೆ ಕಡಿಯುವುದನ್ನು ನಿಧಾನ ಚಲನೆಯಲ್ಲಿ ವಿಡಿಯೊ ಮಾಡಿಕೊಂಡರೆ ಬೀಸುವ ಆನಿಮೇಷನ್‌ಗೆ ಬೇಕಾದದ್ದೆಲ್ಲ ಅದರಲ್ಲಿದೆ. ಕೈ ಹಿಂದಕ್ಕೆ ಹೋಗಲು ಎರಡು ಫ್ರೇಮ್ (ಚಲನೆಯ ಬಿಡಿ ಚಿತ್ರ), ಬೀಸಿಗೆ ಒಂದೇ ಫ್ರೇಮ್, ಕತ್ತಿ ತಗುಲಿ ನಿಂತಲ್ಲಿ ಒಂದು, ಚೇತರಿಕೆಗೆ ಎರಡು. ಬೀಸಿಗೆ ಮೂರು-ನಾಲ್ಕು ಫ್ರೇಮ್ ಕೊಟ್ಟರೆ ಕತ್ತಿಗೆ ತೂಕವೇ ಇಲ್ಲದಂತೆ ಕಾಣುತ್ತದೆ, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಬೆನ್ನಿನಿಂದ ಹೊರಚಾಚಿದ ಒಡಿಕತ್ತಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಹುಡುಗ ಯಾವ ಕಡೆ ಮುಖ ಮಾಡಿದ್ದಾನೆ ಎಂಬುದು ಸಿಲೂಯೆಟ್‌ನಲ್ಲೇ ತಿಳಿಯುತ್ತದೆ.

ಕುಪ್ಯ ಬರುವುದು ಕೊನೆಗೆ, ಪುತ್ತರಿಯ ರಾತ್ರಿ. ಹುಣ್ಣಿಮೆಯ ಆಸುಪಾಸು, ಗದ್ದೆಯಲ್ಲಿ ಕದಿರು ತೆಗೆಯುವ ಹೊತ್ತು, ಕೈಯಲ್ಲಿ ಅಕ್ಕಿ ತಟ್ಟೆಯ ಮೇಲಿಟ್ಟ ದೀಪ, ಅಂದರೆ ತಳಿಯತಕ್ಕಿ ಬೊಳ್‌ಚ. ಮಂಜು ಇಲ್ಲದ ಕಡೆ ಕಪ್ಪು ಬಟ್ಟೆಯನ್ನು ಹೇಗೆ ತೋರಿಸುವುದು ಎಂಬ ಪ್ರಶ್ನೆಗೆ ಇಲ್ಲಿ ದೀಪವೇ ಉತ್ತರ. ಸೊಂಟದ ಮಟ್ಟದಿಂದ ಮೇಲಕ್ಕೆ ಬೀಳುವ ಹಳದಿ ಬೆಳಕಿಗೆ ಬಿಳಿ ತೋಳು, ಚೇಲೆಯ ಅಂಚು, ಗಲ್ಲ, ಮಂಡೆತುಣಿಯ ಕೆಳಭಾಗ ಹೊಳೆಯುತ್ತವೆ. ಹಿಂದೆ ಬೆಳದಿಂಗಳ ಗದ್ದೆ ಹಣ್ಣಾದ ಭತ್ತದ ತಿಳಿ ಬಣ್ಣದಲ್ಲಿದ್ದರೆ, ಟೋನ್ 110ರಿಂದ 130, ಕುಪ್ಯ ಅದರ ಮುಂದೆ ತಾನಾಗಿ ಬೇರೆಯಾಗುತ್ತದೆ. ಇಡೀ ಆಟ ಕಾದು ಕೊನೆಗೆ ತೊಟ್ಟ ಉಡುಪಿಗೆ ಇರುವ ಬೆಲೆ, ಮೊದಲ ನಿಮಿಷದಿಂದ ತೊಟ್ಟದ್ದಕ್ಕೆ ಎಲ್ಲಿಂದ ಬರಬೇಕು?

ಇನ್ನು ಅಕ್ಕನ ವಿಷಯ. ಇಲ್ಲಿ ಒಂದು ತಪ್ಪು ನಿಮ್ಮ ಕಣ್ಣಿಗೆ ಬೀಳದೆ ನುಸುಳಬಹುದು. 2ಡಿ ಆಟದಲ್ಲಿ ಬಲಕ್ಕೆ ಓಡುವ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಓಡಿಸುವುದು ವಾಡಿಕೆ, ಗೊಡೊದಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು. ಆದರೆ ಕೊಡವ ಶೈಲಿಯ ಸೀರೆಯಲ್ಲಿ ನೆರಿಗೆ ಹಿಂದೆ, ಸೆರಗು ಎಡಗಂಕುಳ ಕೆಳಗಿನಿಂದ ಬಂದು ಬಲ ಹೆಗಲಿಗೆ ಸಿಕ್ಕಿಕೊಳ್ಳುತ್ತದೆ. ತಿರುಗಿಸಿದ ಕ್ಷಣ ಸೆರಗು ಎಡ ಹೆಗಲಿಗೆ ಹಾರುತ್ತದೆ. ಕೊಡಗಿನ ಹೊರಗಿನವರು ಗಮನಿಸಲಿಕ್ಕಿಲ್ಲ, ನಿಮ್ಮ ಮನೆಯ ಹೆಂಗಸರು ಮೊದಲ ಸೆಕೆಂಡಿನಲ್ಲೇ ಹಿಡಿಯುತ್ತಾರೆ. ಹುಡುಗನ ಪೀಚೆಕತ್ತಿಯನ್ನು ಬಲಕ್ಕೆ ಸಿಕ್ಕಿಸಿದ್ದರೆ ಅದಕ್ಕೂ ಇದೇ ಗತಿ.

ಪರಿಹಾರ ಎಲ್ಲವನ್ನೂ ಎರಡು ಸಲ ಬರೆಯುವುದಲ್ಲ. ಪಾತ್ರವನ್ನು ಬಿಡಿ ತುಂಡುಗಳಾಗಿ, ಒಬ್ಬರಿಗೆ 16ರಿಂದ 20, ಮಾಡಿ ಎಲುಬುಗಳಿಗೆ, ಅಂದರೆ ತುಂಡುಗಳನ್ನು ಆಡಿಸುವ ಕಾಣದ ಕಡ್ಡಿಗಳಿಗೆ, ಕಟ್ಟಿ. ತಲೆ, ತೋಳು, ಕಾಲು, ಮಂಡೆತುಣಿ ಇವನ್ನು ಧಾರಾಳವಾಗಿ ತಿರುಗಿಸಬಹುದು. ಸೆರಗು ಮತ್ತು ಪೀಚೆಕತ್ತಿಗೆ ಮಾತ್ರ ಎಡ ನೋಟದ ಬೇರೆ ತುಂಡು ಬರೆದು, ದಿಕ್ಕು ಬದಲಾದಾಗ ಅದನ್ನು ಬದಲಿಸಿ. ಅಕ್ಕ ಪರದೆಯ ಬಲಕ್ಕೆ ಮುಖ ಮಾಡಿದಾಗ ನಮಗೆ ಹತ್ತಿರ ಇರುವುದು ಅವಳ ಬಲ ಹೆಗಲು, ಸೆರಗಿನ ಗಂಟು ಪೂರ್ತಿ ಕಾಣಬೇಕು. ಎಡಕ್ಕೆ ತಿರುಗಿದಾಗ ಹತ್ತಿರದ್ದು ಎಡ ಹೆಗಲು, ಅಲ್ಲಿ ರವಿಕೆ ಕಾಣಬೇಕು, ಸೀರೆ ಕಂಕುಳ ಕೆಳಗಿನಿಂದ ಓರೆಯಾಗಿ ಮೇಲೇರಿ ಆಚೆಗೆ ಮರೆಯಾಗಬೇಕು. ಹಿಂದಿನ ನೆರಿಗೆಯನ್ನು ಸಿಲೂಯೆಟ್‌ನಲ್ಲಿ ಸ್ವಲ್ಪ ಉಬ್ಬಿಸಿ ಬರೆಯಿರಿ, ಬೇರೆ ಸೀರೆಗಳಿಂದ ಅವಳನ್ನು ಬೇರ್ಪಡಿಸುವುದು ಅದೇ. ಕೊರಳ ಒಡವೆಗಳಾದ ಪತ್ತಾಕ್, ಜೋಮಾಲೆಗೆ ಎರಡೆರಡು ಹಳದಿ ಪಿಕ್ಸೆಲ್ ಸಾಕು.

ತಲೆಯ ಗಾತ್ರ. ನಿಜದ ಮನುಷ್ಯ ಏಳೂವರೆ ತಲೆ ಎತ್ತರ. ಹಾಗೆ ಬರೆದರೆ 135 ಪಿಕ್ಸೆಲ್ ಹುಡುಗನ ತಲೆ 18 ಪಿಕ್ಸೆಲ್, ಅದರಲ್ಲಿ ಮಂಡೆತುಣಿ ಅರ್ಧ ತಿಂದರೆ ಮುಖಕ್ಕೆ ಉಳಿಯುವುದು ಒಂಬತ್ತು. ಅಳು, ನಗು, ಭಯ ಏನೂ ಹಿಡಿಸದು. ಮೂರು ತಲೆಯ ಅಳತೆಗೆ ಇಳಿಸಿದರೆ ತಲೆ 45 ಪಿಕ್ಸೆಲ್ ಆಗಿ ಮುಖ ಸಿಗುತ್ತದೆ, ಆದರೆ ಹೆಗಲಿನಿಂದ ಮೊಣಕಾಲಿನವರೆಗೆ ಇಳಿಯುವ ಕುಪ್ಯದ ಉದ್ದ ಗೆರೆ ಸತ್ತುಹೋಗುತ್ತದೆ. ಕುಪ್ಯದ ಗತ್ತು ಇರುವುದೇ ಆ ಉದ್ದದಲ್ಲಿ, ಸೊಂಟದ ಬಿಗಿಯಲ್ಲಿ. ನಾಲ್ಕೂವರೆ ತಲೆ ನಿಮ್ಮ ಕಥೆಗೆ ಸರಿ: ತಲೆ 30 ಪಿಕ್ಸೆಲ್, ಉಡುಪಿಗೂ ಜಾಗ. ದೊಡ್ಡ ತಲೆ ಇದ್ದ ಮಾತ್ರಕ್ಕೆ ಆಟ ಮಕ್ಕಳದಾಗುವುದಿಲ್ಲ. ಹಾಗನ್ನಿಸುವುದು ಕಣ್ಣು ಮುಖದ ಅರ್ಧ ತುಂಬಿದಾಗ, ಚಲನೆಯಲ್ಲಿ ತೂಕವಿಲ್ಲದೆ ಪುಟಿದಾಗ.

3ಡಿ ಮಾಡಿದರೆ ಟೋನಿನ ತೊಂದರೆ ತೊಲಗುವುದಿಲ್ಲ. ಕಪ್ಪಿನ ಮುಂದೆ ಕಪ್ಪು ಅಲ್ಲೂ ಕಪ್ಪೇ. ಹೊಸ ತೊಂದರೆಗಳು ಸೇರುತ್ತವೆ: ಮೊಣಕಾಲುದ್ದದ ಕುಪ್ಯದೊಳಗಿಂದ ಓಡುವಾಗ ತೊಡೆ ತೂರಿ ಹೊರಬರುತ್ತದೆ. ಅದನ್ನು ತಪ್ಪಿಸಲು ಒಳಗಿನ ಕಾಲಿನ ಭಾಗ ಅಳಿಸಬೇಕು, ಕುಪ್ಯದ ಕೆಳಭಾಗವನ್ನು ತೊಡೆಯ ಎಲುಬಿಗೆ ಹಂಚಿ ಕಟ್ಟಬೇಕು, ಆದರೂ ಕುಳಿತಾಗ ಕೆಡುತ್ತದೆ. ನಿಜದ ಹಾಗೆ ಎಂಬುದನ್ನು ದೊಡ್ಡ ತಂಡಗಳು ವರ್ಷಗಟ್ಟಲೆ ಮಾಡುತ್ತವೆ, ಅರ್ಧ ನಿಜ ಎನಿಸಿದ ಮುಖ ಬೊಂಬೆಗಿಂತ ಕೆಟ್ಟದಾಗಿ ಕಾಣುತ್ತದೆ. ಮೂವರಿಗೆ 2ಡಿಯೇ ಸಾಕಷ್ಟು ಕೆಲಸ. ಲೆಕ್ಕ ಹಾಕಿ: ನಿಲ್ಲಲು 6 ಫ್ರೇಮ್, ನಡೆಯಲು 8, ಓಡಲು 8, ನೆಗೆಯಲು 5, ಕತ್ತಿ ಬೀಸಲು 6, ಪೆಟ್ಟು ತಿನ್ನಲು 2, ಬಗ್ಗಿ ಎತ್ತಲು 4, ಒಟ್ಟು 39. ಮೂರು ಉಡುಪಿಗೆ 117, ಅಕ್ಕ ಬೇರೆ. ಎಲುಬಿನ ವಿಧಾನದಲ್ಲಿ ಉಡುಪು ಬದಲಾದರೆ ತುಂಡುಗಳು ಮಾತ್ರ ಬದಲಾಗುತ್ತವೆ, ಚಲನೆ ಅದೇ ಉಳಿಯುತ್ತದೆ. ಅದಕ್ಕೇ ಅದನ್ನು ಹೇಳಿದ್ದು. ಕುಪ್ಯದ ಕೆಳಭಾಗವನ್ನು ಎರಡು ತುಂಡು ಮಾಡಿ, ಚೇಲೆಯ ಕುಚ್ಚು ಮೈಗಿಂತ ಎರಡು ಫ್ರೇಮ್ ತಡವಾಗಿ ಆಡಲಿ.

ಎಐ ಬಗ್ಗೆ. ಅದಕ್ಕೆ ಕೊಡಗಿನ ಹುಡುಗನನ್ನು ಬರೆ ಎಂದರೆ ಎಲ್ಲಿಯದೋ ರಾಜಕುಮಾರನ ಪೇಟ, ಯಾವುದೋ ಕಠಾರಿ, ಎಡ ಹೆಗಲಿನ ಸೆರಗು ಬರುವ ಸಾಧ್ಯತೆಯೇ ಹೆಚ್ಚು. ಒಂದು ಚಿತ್ರ ಚೆನ್ನಾಗಿ ಬಂದರೂ ಅದೇ ಪಾತ್ರ 39 ಭಂಗಿಗಳಲ್ಲಿ ಒಂದೇ ರೀತಿ ಬರುವುದು ಕಷ್ಟ. ಮುಂದೆ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರುವ ಯೋಚನೆ ಇದ್ದರೆ ಎಐ ಬಳಸಿದ್ದನ್ನು ಅಲ್ಲಿ ತಿಳಿಸಬೇಕಾಗುತ್ತದೆ. ನೀವು ಬರೆಯಬೇಕಾದದ್ದು 135 ಪಿಕ್ಸೆಲ್‌ನ, ನಾಲ್ಕೈದು ಬಣ್ಣದ ತುಂಡುಗಳ ಆಕೃತಿ. ಅದಕ್ಕೆ ತರಬೇತಿಗಿಂತ ಹೆಚ್ಚು ಬೇಕಾದದ್ದು ಮನೆಯ ಪೀಚೆಕತ್ತಿಯನ್ನು ಸ್ಕೇಲಿನಿಂದ ಅಳೆಯುವ, ಕುಪ್ಯ ತೊಟ್ಟವರನ್ನು ಕೇಳಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯುವ ತಾಳ್ಮೆ. ಎರಡೂ ನಿಮ್ಮ ಕೈಯಳತೆಯಲ್ಲಿವೆ.

ಪರೀಕ್ಷೆಗಳು ಮೂರು, ಇವನ್ನು ಬಿಡಬೇಡಿ. ಮೊದಲನೆಯದು, ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾದಲ್ಲಿ ಎಲ್ಲದರ ಮೇಲೆ ಒಂದು ಕಪ್ಪು ಲೇಯರ್ ಹಾಕಿ ಅದರ ಬ್ಲೆಂಡಿಂಗ್ ಮೋಡನ್ನು 'ಕಲರ್' ಮಾಡಿ. ಬಣ್ಣ ಹೋಗಿ ಟೋನ್ ಮಾತ್ರ ಉಳಿಯುತ್ತದೆ, ಹುಡುಗ ಕಾಣಬೇಕು. ಎರಡನೆಯದು, ಹುಡುಗ, ಅಕ್ಕ, ಎತ್ತು, ನಾಯಿ, ಉಳಿದ ಪಾತ್ರಗಳನ್ನೆಲ್ಲ ಪೂರ್ತಿ ಕಪ್ಪು ತುಂಬಿ ಸಾಲಾಗಿ ನಿಲ್ಲಿಸಿ, ಆಟ ನೋಡಿರದವರಿಗೆ ಒಂದು ಸೆಕೆಂಡು ತೋರಿಸಿ ಯಾರು ಯಾರು ಎಂದು ಕೇಳಿ. ಮೂರನೆಯದು, ನಿಮ್ಮಲ್ಲಿರುವ ಅತಿ ಅಗ್ಗದ ಫೋನಿನಲ್ಲಿ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಟ್ಟು ಅಂಗಳದ ಬೆಳಕಿನಲ್ಲಿ ಆಡಿ. ಕಂಪ್ಯೂಟರ್ ಪರದೆಯಲ್ಲಿ ಸರಿ ಕಂಡದ್ದರ ಅರ್ಧ ಇಲ್ಲಿ ಬಿದ್ದುಹೋಗುತ್ತದೆ.

ಕಾಡಿನ ಹಂತಗಳಲ್ಲಿ ಹುಡುಗನಿಗೆ ಎದುರಾಗುವ ಜನರ ಬಗೆಗೂ ಒಂದು ಮಾತು. ಕೊಡಗಿನ ಕಾಡಿನಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಎರವರು, ಕುಡಿಯರು ಬದುಕಿದ್ದಾರೆ, ಕಾಡನ್ನು ನಿಮ್ಮ ನಾಯಕನಿಗಿಂತ ಚೆನ್ನಾಗಿ ಬಲ್ಲವರು. ಬುಡಕಟ್ಟು ಎಂದು ಹುಡುಕಿ ಡೌನ್‌ಲೋಡ್ ಮಾಡಿದ ಎಲೆಯುಡುಗೆ, ಮೂಳೆ ಸರ, ಮುಖಕ್ಕೆ ಬಳಿದ ಬಣ್ಣಗಳ ರೆಡಿಮೇಡ್ ಪಾತ್ರಗಳಿಗೂ ಅವರಿಗೂ ಸಂಬಂಧ ಇಲ್ಲ. ಅವರ ಪಾತ್ರ ಬರುವುದಾದರೆ ಆ ಹಾಡಿಯವರನ್ನೇ ಕಂಡು, ಏನು ತೊಡುತ್ತಿದ್ದರು, ಏನು ಹಿಡಿಯುತ್ತಿದ್ದರು ಎಂದು ಕೇಳಿ ಬರೆಯಿರಿ, ಬರೆದದ್ದನ್ನು ಅವರಿಗೆ ತೋರಿಸಿ.

ಹೆಸರಿಡುವಾಗಲೂ ಎಚ್ಚರ. ಕೊಡವ ಮನೆಹೆಸರು ಒಂದೊಂದೂ ಒಂದು ನಿಜವಾದ ಒಕ್ಕದ್ದು, ಅಂದರೆ ಮನೆತನದ್ದು. ಕಿವಿಗೆ ಹಿತವಾಗಿದೆ ಎಂದು ನೀವು ಹೊಸೆದ ಹೆಸರು ಯಾವುದೋ ಊರಿನ ಐನ್‌ಮನೆಯದಾಗಿರಬಹುದು, ಆ ಒಕ್ಕದವನನ್ನು ಕಳ್ಳನನ್ನಾಗಿಯೋ ದ್ರೋಹಿಯನ್ನಾಗಿಯೋ ತೋರಿಸಿದರೆ ದೂರು ಬರುವುದು ಖಂಡಿತ. ಖಳನಿಗೆ ಮನೆಹೆಸರು ಕೊಡಬೇಡಿ. ನಾಯಕನಿಗೆ ನಿಮ್ಮದೇ ಒಕ್ಕದ ಹೆಸರು ಇಡುವುದಾದರೆ ಮೊದಲು ಮನೆಯ ಹಿರಿಯರ ಒಪ್ಪಿಗೆ ಪಡೆಯಿರಿ. ಅಜ್ಜನ ಮುಂದೆ ಹೇಗೂ ಕುಪ್ಯದ ಬಣ್ಣದ ಮಾತು ಎತ್ತಲಿದ್ದೀರಿ, ಅದೇ ಹೊತ್ತಿಗೆ ಇದನ್ನೂ ಕೇಳಿ ಮುಗಿಸಿ.